ಹಳೇ ಓಪನ್ ಕಾರಿನ ಗ್ಲಾಸಿಗೆ ಗ್ರೈಂಡರ್ ಹಿಡಿಯೋರ ಹತ್ರ ಗಾಡಿ ಬಿಡಬೇಡ್ರಿ

ದಾವಣಗೆರೆ, ಹರಿಹರ, ಚಿತ್ರದುರ್ಗ ಕಡೆ ಹಳೇ ಗಾಡಿ ಇಟ್ಕೊಂಡಿರೋರು, ಅದ್ರಲ್ಲೂ ಕ್ಯಾನ್ವಾಸ್ ಟಾಪ್ ಇರೋ ಗಾಡಿಯೋರು ಇದನ್ನ ಪೂರ್ತಿ ಓದ್ರಿ. ನಮ್ಮ ದೊಡ್ಡಪ್ಪನ ಟ್ರಯಂಫ್ ಹೆರಾಲ್ಡ್ ಕನ್ವರ್ಟಿಬಲ್ಲಿಗೆ ದಾವಣಗೆರೆಯ ಒಂದು ಗ್ಯಾರೇಜಲ್ಲಿ ಆಗಿರೋದನ್ನ ನೋಡಿದ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ಗ್ಯಾರೇಜಿನ ಹೆಸರು ಹಾಕಲ್ಲ, ಇದೇ ಕೆಲಸ ಇದೇ ತರ ಮಾಡೋರು ಬೇರೆ ಕಡೇನೂ ಇದ್ದಾರೆ.

ಗಾಡಿ ಕೊಟ್ಟಿದ್ದು ಚಾಸಿಯ, ಅಂದ್ರೆ ಕೆಳಗಿನ ಕಬ್ಬಿಣದ ಚೌಕಟ್ಟಿನ ತುಕ್ಕು ತೆಗೆಸೋಕೆ. ಹೆರಾಲ್ಡ್ ಈಗಿನ ಕಾರ್ ತರ ಅಲ್ಲ, 1959ರಲ್ಲಿ ಬಂದಾಗಿಂದ್ಲೂ ಕೆಳಗೆ ಬೇರೆ ಚಾಸಿ, ಅದರ ಮೇಲೆ ಬಾಡಿಯನ್ನ ಭಾಗ ಭಾಗವಾಗಿ ಬೋಲ್ಟ್ ಹಾಕಿ ಕೂರಿಸಿರೋದು. ಚಾಸಿಯಿಂದ ಎರಡೂ ಪಕ್ಕಕ್ಕೆ ಚಾಚಿರೋ ತೋಳುಗಳಿಗೆ ಔಟ್‌ರಿಗ್ಗರ್ ಅಂತಾರೆ, ತುಕ್ಕು ತಿನ್ನೋದೂ ಹೆಚ್ಚಾಗಿ ಅವನ್ನೇ, ಬಾಡಿ ಕೂತಿರೋದೂ ಅವುಗಳ ಮೇಲೇ. ಇವರು ಬಾಗ್ಲು ಎರಡೂ ಬಿಚ್ಚಿ, ಗಾಡಿಗೆ ಮುಂದೊಂದು ಹಿಂದೊಂದು ಸ್ಟ್ಯಾಂಡ್ ಕೊಟ್ಟು ತೋಳು ಕತ್ತರಿಸಿದ್ರು. ಬಾಗ್ಲಿನ ಜಾಗದಲ್ಲಿ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಒಂದು ಅಡ್ಡ ಪೈಪ್ ಕೂಡ ವೆಲ್ಡ್ ಮಾಡ್ಲಿಲ್ಲ! ರೂಫ್ ಇರೋ ಗಾಡಿ ಆದ್ರೆ ಅದು ಸ್ವಲ್ಪನಾದ್ರೂ ಹಿಡ್ಕೊಳ್ಳುತ್ತೆ, ಓಪನ್ ಗಾಡಿ ಮುಚ್ಚಳ ತೆಗೆದ ರಟ್ಟಿನ ಡಬ್ಬಿ ಇದ್ದಂಗೆ, ಎಲ್ಲಿ ಎತ್ತಿದ್ರೂ ಬಗ್ಗುತ್ತೆ, ಬಗ್ಗಿದ್ದಾಗ್ಲೇ ಹೊಸ ತೋಳು ವೆಲ್ಡ್ ಮಾಡಿದ್ರೆ ಅದೇ ಆಕಾರ ಖಾಯಂ ಆಗೋಗುತ್ತೆ. ನಮ್ಮದ್ರಲ್ಲಿ ನಡು ಕುಸಿದು ಎರಡೂ ಕಂಬ ಮೇಲ್ಗಡೆ ಒಂದಕ್ಕೊಂದು ಹತ್ರ ಬಂದವು. ಬಾಗ್ಲು ಹಾಕಿದ್ರೆ ಹಿಂಬದಿ ಅಂಚು ಮೇಲೆ ಉಜ್ಜುತ್ತೆ, ಕೆಳಗೆ ನೋಡಿದ್ರೆ ಬೆರಳು ತೂರುವಷ್ಟು ಸಂದು.

ಅಲ್ಲಿಗಾದ್ರೂ ನಿಲ್ಲಿಸಿ ಫೋನ್ ಮಾಡಬಹುದಿತ್ತು. ಮಾಡ್ಲಿಲ್ಲ. ಬಾಗ್ಲಿನ ಅಂಚನ್ನೇ ಗ್ರೈಂಡ್ ಮಾಡಿ, ಕೆಳಗಿನ ಸಂದಿಗೆ ಪುಟ್ಟಿ ತುಂಬಿ, ಮೇಲೆ ಪೇಂಟ್ ಹೊಡೆದ್ರು. ಆಮೇಲೆ ಗ್ಲಾಸ್ ಏರಿಸಿದ್ರೆ ಅದೂ ಕೂರ್ತಿಲ್ಲ, ಈ ಗಾಡೀಲಿ ಗ್ಲಾಸಿನ ಮೇಲೆ ಫ್ರೇಮ್ ಇರಲ್ಲ, ಮುಂದೆ ಪುಟ್ಟ ತ್ರಿಕೋನ ಗ್ಲಾಸಿನ ಕಂಬಿ, ಮೇಲೆ ಟಾಪಿನ ರಬ್ಬರ್ ಅಷ್ಟೇ, ಬಾಗ್ಲು ಒಂಚೂರು ವಾಲಿದ್ರೂ ಗ್ಲಾಸಿನ ತುದೀಲಿ ಅದು ದೊಡ್ಡದಾಗಿ ಕಾಣುತ್ತೆ. ಅದಕ್ಕೆ ಗ್ಲಾಸಿನ ಮೂಲೆಗೇ ಗ್ರೈಂಡರ್ ಹಿಡಿದಿದ್ದಾರೆ. ಟಫನ್ಡ್ ಗ್ಲಾಸ್ ರೀ ಅದು! ಚೆನ್ನಾಗಿ ಕಾಯಿಸಿ ಗಾಳಿ ಊದಿ ಗಕ್ಕನೆ ತಣಿಸಿ ಮಾಡಿರ್ತಾರೆ, ಹೊರಮೈ ಬಿಗಿಯಾಗಿ ಒತ್ಕೊಂಡಿರುತ್ತೆ, ಒಳಗೆ ಎಳೆತ ಇರುತ್ತೆ, ಒಮ್ಮೆ ಹಂಗೆ ಮಾಡಿದ ಮೇಲೆ ಕತ್ತರಿಸೋಕೂ ಆಗಲ್ಲ, ಅಂಚು ಉಜ್ಜೋಕೂ ಆಗಲ್ಲ. ಇಡೀ ಗ್ಲಾಸ್ ಪುಡಿಪುಡಿಯಾಗಿ ಬಾಗ್ಲೊಳಗೆ ಸುರಿದಿದೆ.

ಇದನ್ನೂ ನಮಗೆ ಹೇಳಿಲ್ಲ. ಮನೆ ಕಿಟಕಿಗೆ ಹಾಕೋ ಸಾದಾ ಗಾಜನ್ನ ಅಳತೆಗೆ ಕತ್ತರಿಸಿ ತಂದು ಕೂರಿಸಿಬಿಟ್ಟಿದ್ದಾರೆ. ಗಾಡಿ ಮನೆಗೆ ಬಂದ ಮೇಲೆ ಗ್ಲಾಸ್ ಅರ್ಧ ಇಳಿಸಿ ಅಂಚಿನ ಮೇಲೆ ಬೆರಳಾಡಿಸಿದೆ, ಬೆರಳು ಕುಯ್ತು. ಆಗ ಗೊತ್ತಾಗಿದ್ದು. ಸಾದಾ ಗಾಜು ಒಡೆದ್ರೆ ಚೂರಿ ಚೂರಿ ಆಗುತ್ತೆ, ಆ ಸೀಟಲ್ಲಿ ನಮ್ಮ ಮಕ್ಕಳು ಕೂರ್ತಾರೆ. ನೀವೂ ನಿಮ್ಮ ಗಾಡೀಲಿ ನೋಡ್ಕೊಳ್ರಿ, ಮೂಲೇಲಿ ಕಂಪನಿ ಅಚ್ಚು ಇದೆಯಾ ಅಂತ, ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಇದ್ರೆ ಅದನ್ನ ಕಣ್ಣಿಗೆ ಹಾಕ್ಕೊಂಡು ಗಾಡಿ ಗ್ಲಾಸನ್ನ ಬೆಳಕಿಗೆ ಓರೆಯಾಗಿ ನೋಡ್ರಿ, ಟಫನ್ಡ್ ಆದ್ರೆ ಸಾಮಾನ್ಯವಾಗಿ ಮಸುಕು ಮಸುಕಾಗಿ ಮಚ್ಚೆ ಕಾಣ್ತವೆ.

ಈಗ ಹರಿಹರದ ಹಿರಿಯ ಫಿಟ್ಟರ್ ಒಬ್ರು ಸರಿ ಮಾಡ್ತಿದ್ದಾರೆ, ಕಿರ್ಲೋಸ್ಕರ್ ಲೇತ್ ಫ್ಯಾಕ್ಟರೀಲಿ ಕೆಲಸ ಮಾಡ್ದೋರು. ಅವರು ಮೊದಲು ಮಾಡಿದ್ದು ಏನಪ್ಪಾ ಅಂದ್ರೆ, ಗಾಡೀನ ಸಮ ನೆಲದಲ್ಲಿ ನಾಲ್ಕೂ ಚಕ್ರದ ಮೇಲೆ ನಿಲ್ಲಿಸಿ, ಕಂಬದಲ್ಲಿರೋ ಲಾಕ್ ಪ್ಲೇಟ್ ಬಿಚ್ಚಿ ಪಕ್ಕಕ್ಕಿಟ್ರು. "ಲಾಕು ಬಾಗ್ಲನ್ನ ಹಿಡೀಬೇಕು, ಎತ್ತಬಾರ್ದು ತಮ್ಮಾ" ಅಂದ್ರು. ಬಾಗ್ಲಿನ ತುದಿ ಹಿಡಿದು ಮೇಲಕ್ಕೆತ್ತಿದ್ರೆ ಕಟಕಟ ಅಂತು, ಹಿಂಜ್ ಪಿನ್ ಸವೆದಿತ್ತು, ಗ್ಯಾರೇಜಿನೋರು ಅದನ್ನ ಮುಟ್ಟೇ ಇರ್ಲಿಲ್ಲ. ಹೊಸ ಪಿನ್ ಅವರೇ ಲೇತಲ್ಲಿ ಮಾಡಿದ್ರು. ತಪ್ಪು ವೆಲ್ಡ್ ಬಿಡಿಸಿ, ಅಡ್ಡ ಪೈಪ್ ಕಟ್ಟಿ, ತೋಳು ಮತ್ತೆ ಕೂರಿಸಿ, ಆಮೇಲೆ ಬಾಡಿ ಬೋಲ್ಟ್ ಸಡಿಲ ಮಾಡಿ ಅದರ ಕೆಳಗೆ ಪ್ಯಾಕಿಂಗ್ ಕೊಡ್ತಾ ಕೊಡ್ತಾ ಸಂದು ಮೇಲಿಂದ ಕೆಳಗಿನ ತನಕ ಒಂದೇ ಸಮ ಬರೋವರೆಗೂ ಹಿಂಜಿನ ಅಡ್ಜಸ್ಟ್‌ಮೆಂಟಿಗೆ ಕೈ ಹಾಕ್ಲಿಲ್ಲ. ಗ್ಲಾಸಿನ ವಿಷಯ ಅದಾದ ಮೇಲೆ. ರಟ್ಟಲ್ಲಿ ಅಳತೆ ತೆಗೆದು ಕೊಟ್ಟಿದ್ದಾರೆ, ಮೊದಲು ಕತ್ತರಿಸಿ ಅಂಚು ಉಜ್ಜಿ ಆಮೇಲೆ ಟಫನ್ ಮಾಡಿಸಬೇಕಂತೆ. ಅದು ಬಂದ ಮೇಲೆ ಬಾಗ್ಲೊಳಗೆ ಗ್ಲಾಸ್ ಜಾರೋ ಚಾನೆಲ್ಲಿನ ಬೋಲ್ಟ್ ಸಡಿಲಿಸಿ ಗ್ಲಾಸಿನ ವಾಲು ಸರಿ ಮಾಡಿ, ರಬ್ಬರಿನ ಉದ್ದಕ್ಕೂ ಪೇಪರ್ ಪಟ್ಟಿ ಇಟ್ಟು ಗ್ಲಾಸ್ ಏರಿಸಿ ಎಳೆದು ನೋಡೋದು, ಎಲ್ಲಿ ಪೇಪರ್ ಸಲೀಸಾಗಿ ಬರುತ್ತೋ ಅಲ್ಲಿ ನೀರೂ ಬರುತ್ತೆ.

ಇನ್ನೊಂದು ಮಾತು, ಟಾಪ್ ಹೊಲಿಸೋದು ಕಟ್ಟಕಡೇಗೆ. ನಮ್ಮ ಗ್ಯಾರೇಜಿನೋರು ಗ್ಲಾಸ್ ಕೂರೋಕ್ಕಿಂತ ಮೊದ್ಲೇ ಕ್ಯಾನ್ವಾಸ್ ಹೊಲಿಸಿ ಅದರ ದುಡ್ಡೂ ತಗೊಂಡ್ರು, ಬಾಗ್ಲು ಸರಿ ಆದ್ಮೇಲೆ ಈಗ ಅದು ಎರಡೂ ಪಕ್ಕ ಗ್ಲಾಸಿಗೆ ಸೇರ್ತಿಲ್ಲ, ಪೂರಾ ಬಿಚ್ಚಿ ಹೊಸದಾಗೇ ಹೊಲಿಸಬೇಕು.