ಫ್ರೀಜರಿನ ಗಾಜಿನ ಬಾಗಿಲು: ಎಂಟು ವರ್ಷ ಬಳಸಿದ ಮೇಲೆ ಬರೆಯುತ್ತಿದ್ದೇನೆ

ಮೂರನೇ ವರ್ಷದ ಒಂದು ಬೆಳಿಗ್ಗೆ ಅಂಗಡಿಯ ಹುಡುಗ ಫ್ರೀಜರಿನ ಎರಡನೇ ಬಾಗಿಲನ್ನು ಒರೆಸುತ್ತಲೇ ಇದ್ದ. ಹೊರಗಿನಿಂದ ಒರೆಸಿದ, ಒಳಗಿನಿಂದ ಒರೆಸಿದ, ಬಟ್ಟೆ ಬದಲಾಯಿಸಿ ಮತ್ತೆ ಒರೆಸಿದ. ಕೆಳಗಿನ ಎಡ ಮೂಲೆಯಲ್ಲಿ ಅಂಗೈ ಅಗಲದ ಮಬ್ಬು. ಜಪ್ಪಯ್ಯ ಅಂದರೂ ಹೋಗಲಿಲ್ಲ. ಮೆಕ್ಯಾನಿಕ್ ಬಂದವರು ಒಮ್ಮೆ ನೋಡಿ, "ಸುಮ್ನೆ ಯಾಕೆ ಕೈ ನೋಯಿಸ್ಕೋತೀರಾ ಸಾರ್, ಇದು ಎರಡು ಗಾಜಿನ ಮಧ್ಯೆ ಇರೋದು" ಅಂದರು.

ಅಲ್ಲಿಗೆ ಆ ಗಾಜಿನ ಕತೆ ಮುಗಿದಿತ್ತು. ಗಾಜು ಒಡೆದಿರಲಿಲ್ಲ, ಗೀರಿರಲಿಲ್ಲ. ಆದರೂ ಇಡೀ ಗಾಜು ಬದಲಾಯಿಸಬೇಕಾಯಿತು.

ನನ್ನ ಹತ್ತಿರ ಆರು ಕೂಲರ್ ಬಾಗಿಲು (ಫ್ರಿಜ್ಜಿನ ಹಾಗೆ ತಂಪಾಗಿಡುವುದು, ಹೆಪ್ಪುಗಟ್ಟಿಸುವುದಲ್ಲ), ನಾಲ್ಕು ಫ್ರೀಜರ್ ಬಾಗಿಲು ಇವೆ. ಎಲ್ಲವೂ ಅಳತೆ ಕೊಟ್ಟು ಮಾಡಿಸಿದವು. ಕೂಲರಿನವು ಮೊದಲಿನವೇ, ಎಂಟು ವರ್ಷದಿಂದ ನಡೆಯುತ್ತಿವೆ. ಫ್ರೀಜರಿನ ಮೊದಲ ಸೆಟ್ ಐದೇ ವರ್ಷಕ್ಕೆ ಸಾಕಪ್ಪಾ ಅನ್ನಿಸಿತು. ಎರಡನೇ ಸೆಟ್ಟನ್ನು ಬೇರೆ ಕಡೆ, ಒಂದೊಂದು ವಿಷಯ ಕೂತು ಮಾತಾಡಿ ಮಾಡಿಸಿದೆ. ಅದಕ್ಕೆ ಈಗ ಮೂರು ವರ್ಷ. ಮಾಡಿಕೊಟ್ಟವರ ಹೆಸರು ಬರೆಯುವುದಿಲ್ಲ, ಏಕೆಂದರೆ ತಪ್ಪಿನಲ್ಲಿ ಅರ್ಧ ನನ್ನದೂ ಇತ್ತು. ನಾನು ಗಾಜಿನ ಬಗ್ಗೆ ಮಾತ್ರ ಕೇಳಿದ್ದೆ. ಗಾಜಿನ ಅಂಚಿನ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಎಂಟು ವರ್ಷದಲ್ಲಿ ನನಗೆ ಕೈ ಕೊಟ್ಟಿದ್ದೆಲ್ಲ ಅಂಚಿನಲ್ಲೇ.

ಮೊದಲ ಸಲ ಕೊಂಡಾಗ ಕ್ಯಾಟಲಾಗಿನಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ಸಂಖ್ಯೆ ಇತ್ತು, ಯು-ವ್ಯಾಲ್ಯೂ. ಗಾಜಿನ ಮೂಲಕ ಎಷ್ಟು ಶಾಖ ದಾಟುತ್ತದೆ ಎನ್ನುವ ಲೆಕ್ಕ. ಕಡಿಮೆ ಇದ್ದಷ್ಟೂ ಒಳ್ಳೆಯದು. ಸಾದಾ ಎರಡು ಪದರದ ಗಾಜಿಗೆ ಇದು ಸುಮಾರು 2.8. ಅದೇ ಎರಡು ಪದರಕ್ಕೆ ಶಾಖವನ್ನು ವಾಪಸ್ ಕಳಿಸುವ ತೆಳು ಲೋಹದ ಕೋಟಿಂಗ್ ಕೊಟ್ಟು, ನಡುವೆ ಆರ್ಗಾನ್ ಅನಿಲ ತುಂಬಿದರೆ 1.2ರ ಆಸುಪಾಸಿಗೆ ಇಳಿಯುತ್ತದೆ. ಮೂರು ಪದರ, ಎರಡು ಕೋಟಿಂಗ್ ಇದ್ದರೆ 0.7ರ ಹತ್ತಿರ. ನನಗೆ ಮೂರು ಪದರದ್ದನ್ನೇ ಕೊಟ್ಟರು, ಅದರಲ್ಲಿ ಮೋಸ ಇರಲಿಲ್ಲ. ಆದರೆ ಆ ಸಂಖ್ಯೆ ಗಾಜಿನ ನಟ್ಟನಡುವಿನದು. ಅಂಚು, ಫ್ರೇಮು, ರಬ್ಬರು ಯಾವುದೂ ಅದರಲ್ಲಿ ಬರುವುದಿಲ್ಲ. ಇಡೀ ಬಾಗಿಲಿನ ಯು-ವ್ಯಾಲ್ಯೂ ಎಷ್ಟು ಅಂತ ಬೇರೆಯಾಗಿ ಕೇಳಬೇಕಿತ್ತು.

ನಿಮಗೆ ಕೊಟ್ಟ ಗಾಜಿನಲ್ಲಿ ಕೋಟಿಂಗ್ ನಿಜವಾಗಿ ಇದೆಯಾ ಅಂತ ನೋಡಲು ಒಂದು ಸುಲಭದ ದಾರಿ ಇದೆ. ಲೈಟರ್ ಹಚ್ಚಿ ಗಾಜಿನ ಮುಂದೆ ಓರೆಯಾಗಿ ಹಿಡಿಯಿರಿ. ಮೂರು ಪದರದ ಗಾಜಿಗೆ ಆರು ಮೈ, ಆರು ಪುಟ್ಟ ಜ್ವಾಲೆ ಸಾಲಾಗಿ ಕಾಣುತ್ತವೆ. ಅದರಲ್ಲಿ ಯಾವುದರ ಬಣ್ಣ ಉಳಿದವುಗಳಿಗಿಂತ ಬೇರೆ ಇದೆಯೋ ಆ ಮೈಗೆ ಕೋಟಿಂಗ್ ಇದೆ. ಆರೂ ಒಂದೇ ಬಣ್ಣ ಅಂದರೆ ಬಿಲ್ ತೆಗೆದುಕೊಂಡು ಹೋಗಿ ಕೇಳಿ. ಆರ್ಗಾನನ್ನು ಹೀಗೆ ಕಣ್ಣಲ್ಲಿ ನೋಡಿ ಹೇಳಲು ಆಗುವುದಿಲ್ಲ, ಅದಕ್ಕೆ ಬೇರೆ ಉಪಕರಣ ಬೇಕು.

ಈಗ ಮಬ್ಬಿನ ವಿಷಯ. ಎರಡು ಗಾಜನ್ನು ದೂರ ಇಡಲು ಸುತ್ತಲೂ ಒಂದು ಪಟ್ಟಿ ಇರುತ್ತದೆ, ಅದನ್ನೇ ಸ್ಪೇಸರ್ ಅನ್ನುವುದು. ಅದರ ಹೊಟ್ಟೆಯೊಳಗೆ ತೇವ ಹೀರುವ ಸಣ್ಣ ಕಾಳು ತುಂಬಿರುತ್ತಾರೆ. ಪಟ್ಟಿ ಮತ್ತು ಗಾಜಿನ ನಡುವೆ ಬ್ಯೂಟೈಲ್ ಎನ್ನುವ ಕಪ್ಪು ಅಂಟು, ಅದರ ಹೊರಗೆ ಇನ್ನೊಂದು ಗಟ್ಟಿ ಅಂಟು. ಹೊರಗಿನ ಅಂಟು ಗಾಜುಗಳನ್ನು ಹಿಡಿದಿಡುತ್ತದೆ, ಅಷ್ಟೇ. ನೀರಾವಿಯನ್ನು ನಿಜವಾಗಿ ತಡೆಯುವುದು ಒಳಗಿನ ಬ್ಯೂಟೈಲ್. ಅದು ಮೂಲೆಯಲ್ಲಿ ಒಂದು ಕೂದಲೆಳೆಯಷ್ಟು ಬಿಟ್ಟುಹೋದರೂ ಸಾಕು, ತೇವ ಒಳಗೆ ಸೇರುತ್ತಾ ಹೋಗುತ್ತದೆ. ಕಾಳು ಒಂದಷ್ಟು ದಿನ ಹೀರಿಕೊಂಡು ಸುಮ್ಮನಿರುತ್ತದೆ. ಅದರ ಹೊಟ್ಟೆ ತುಂಬಿದ ದಿನ ಗಾಜು ಮಬ್ಬಾಗುತ್ತದೆ. ನಮಗೆ ಕಾಣುವುದು ಮೂರನೇ ವರ್ಷ, ತೊಂದರೆ ಶುರುವಾಗಿರುವುದು ಎಷ್ಟೋ ಮೊದಲು.

ನಮ್ಮದರಲ್ಲಿ ಅಂಟು ಯಾಕೆ ಬಿಟ್ಟಿತು ಅಂತ ಗೊತ್ತಾಗಿದ್ದು ಬಾಗಿಲು ಬಿಚ್ಚಿದಾಗ. ಫ್ರೇಮಿನ ಕೆಳಗಿನ ಪಟ್ಟಿಯ ಸ್ಕ್ರೂ ತೆಗೆದ ಕೂಡಲೇ ಎರಡು ಚಮಚದಷ್ಟು ಕಂದು ನೀರು ಮೆಕ್ಯಾನಿಕ್ ಕೈ ಮೇಲೆ ಸುರಿಯಿತು. ಗಾಜು ಅಷ್ಟು ವರ್ಷ ಆ ನೀರಿನಲ್ಲೇ ಕಾಲಿಟ್ಟು ನಿಂತಿತ್ತು! ಬಾಗಿಲು ಬೆವರಿದ ನೀರು ಇಳಿದು ಆ ತೋಡಿಗೆ ಸೇರುತ್ತಿತ್ತು, ಹೊರಗೆ ಹೋಗಲು ಒಂದು ತೂತೂ ಇರಲಿಲ್ಲ. ನಿಂತ ನೀರಿನಲ್ಲಿ ಯಾವ ಅಂಟೂ ಬಹಳ ದಿನ ಬಾಳುವುದಿಲ್ಲ. ಮೂರು ಪದರ, ಕೋಟಿಂಗ್, ಆರ್ಗಾನ್ ಎಲ್ಲ ಹಾಕಿ, ಡ್ರಿಲ್ಲಿನಲ್ಲಿ ಎರಡು ನಿಮಿಷದ ಕೆಲಸ ಬಿಟ್ಟಿದ್ದರು. ಎರಡನೇ ಸೆಟ್ಟಿನಲ್ಲಿ ನಾನು ಮೊದಲು ಬರೆಸಿದ್ದೇ ಅದು. ಕೆಳಗಿನ ಪಟ್ಟಿಯಲ್ಲಿ ನೀರು ಹೋಗಲು ತೂತು, ಗಾಜಿನ ಕೆಳಗೆ ಎರಡು ರಬ್ಬರ್ ತುಂಡು, ಗಾಜು ತೋಡಿನ ತಳಕ್ಕೆ ತಾಗಬಾರದು.

ಅದೇ ಸ್ಪೇಸರಿನದು ಇನ್ನೊಂದು ರಗಳೆ. ಮೊದಲ ಸೆಟ್ಟಿನಲ್ಲಿ ಅಲ್ಯೂಮಿನಿಯಂ ಇತ್ತು. ಅಲ್ಯೂಮಿನಿಯಂ ಶಾಖವನ್ನು ಸ್ಟೇನ್‌ಲೆಸ್ ಸ್ಟೀಲಿಗಿಂತ ಹತ್ತು ಪಟ್ಟು ಚೆನ್ನಾಗಿ ಸಾಗಿಸುತ್ತದೆ, ಪ್ಲಾಸ್ಟಿಕ್ಕಿಗೆ ಹೋಲಿಸಿದರೆ ಕೇಳಲೇಬೇಡಿ. ಅಂದರೆ ಒಳಗಿನ ಚಳಿ ಹೊರಗೆ ಬರಲು ಸುತ್ತಲೂ ಒಂದು ಸೇತುವೆ ಕಟ್ಟಿಕೊಟ್ಟ ಹಾಗೆ. ಬಾಗಿಲಿನ ನಡುಭಾಗ ಒಣಗಿರುತ್ತಿತ್ತು, ನಾಲ್ಕು ಅಂಚಲ್ಲಿ ಎರಡು ಬೆರಳು ಅಗಲಕ್ಕೆ ಬೆವರು. ಕೆಳಗಿನ ಮೂಲೆಗಳಲ್ಲಿ ಜಾಸ್ತಿ, ಏಕೆಂದರೆ ತಣ್ಣನೆ ಗಾಳಿ ಕೆಳಗೇ ಕೂರುತ್ತದೆ. ಈಗಿನದಕ್ಕೆ ಪ್ಲಾಸ್ಟಿಕ್ ಸ್ಪೇಸರ್. ವ್ಯತ್ಯಾಸ ಬೆರಳಿಟ್ಟರೇ ಗೊತ್ತಾಗುತ್ತದೆ.

ಬೆವರುವುದರ ಲೆಕ್ಕ ನೀವೇ ಹಾಕಬಹುದು. ಗಾಳಿ 25 ಡಿಗ್ರಿ, ತೇವಾಂಶ ಶೇ 60 ಇದ್ದರೆ ಇಬ್ಬನಿ ಕಟ್ಟುವುದು ಸುಮಾರು 16.7 ಡಿಗ್ರಿಯಲ್ಲಿ. ಬಾಗಿಲಿನ ಹೊರಮೈ ಅದಕ್ಕಿಂತ ತಣ್ಣಗಾದರೆ ನೀರು, ಇಲ್ಲದಿದ್ದರೆ ಇಲ್ಲ. ಈ 25 ಮತ್ತು 60 ನಾನು ಸುಮ್ನೆ ಆರಿಸಿದ್ದಲ್ಲ. ಐಎಸ್‌ಒ 23953 ಎನ್ನುವುದು ಅಂಗಡಿಯ ಕೂಲರ್, ಫ್ರೀಜರುಗಳನ್ನು ಪರೀಕ್ಷಿಸುವ ಮಾನದಂಡ. ಅದರಲ್ಲಿ ಪರೀಕ್ಷೆಯ ಕೋಣೆಯ ಹವೆಗೆ ದರ್ಜೆಗಳಿವೆ, ಕ್ಲೈಮೇಟ್ ಕ್ಲಾಸ್ 3 ಅಂದರೆ ಇದೇ. ಕ್ಲಾಸ್ 7 ಅಂದರೆ 35 ಡಿಗ್ರಿ, ಶೇ 75. ಅಲ್ಲಿ ಇಬ್ಬನಿ 30 ಡಿಗ್ರಿಯ ಹತ್ತಿರವೇ ಕಟ್ಟುತ್ತದೆ. ಮಾರುವವರು "ನಮ್ಮ ಬಾಗಿಲು ಬೆವರಲ್ಲ" ಅಂದರೆ ಯಾವ ಕ್ಲಾಸಿನಲ್ಲಿ ಬೆವರುವುದಿಲ್ಲ ಅಂತ ಕೇಳಿ. ನಾನು ಕೇಳಿದಾಗ ಒಬ್ಬರು ಐದು ನಿಮಿಷ ಫೋನ್ ಹಿಡಿದುಕೊಂಡು ಹೊರಗೆ ಹೋಗಿಬಂದರು.

ಕ್ಲಾಸ್ 7ರಂಥ ಜಾಗದಲ್ಲಿ ಫ್ರೀಜರ್ ಬಾಗಿಲಿಗೆ ಹೀಟರ್ ಇಲ್ಲದೆ ಆಗುವುದಿಲ್ಲ. ಫ್ರೇಮಿನೊಳಗೆ ಸಣ್ಣ ತಂತಿ, ಕೆಲವದರಲ್ಲಿ ಗಾಜಿನ ಮೇಲೇ ಕಣ್ಣಿಗೆ ಕಾಣದ ಕರೆಂಟ್ ಹರಿಯುವ ಕೋಟಿಂಗ್. ಹೀಟರ್ ಬೇಡ ಅಂತ ನಾನು ಹೇಳುವುದಿಲ್ಲ, ಆದರೆ ಹಗಲೂ ರಾತ್ರಿ ಉರಿಯುವ ಹೀಟರ್ ಮಾತ್ರ ಖಂಡಿತ ಬೇಡ. ಮೊದಲ ಸೆಟ್ಟಿನಲ್ಲಿ ಹಾಗೇ ಇತ್ತು, ಸ್ವಿಚ್ಚೇ ಇಲ್ಲ, ಪ್ಲಗ್ ಹಾಕಿದ ದಿನದಿಂದ ಬಿಸಿ. ಅದಕ್ಕೆ ಕರೆಂಟು ಒಂದು ಸಲ, ಅದರ ಬಿಸಿ ಒಂದಷ್ಟು ಒಳಗೆ ಹೋದದ್ದನ್ನು ಹೊರಗೆ ಹಾಕಲು ಕಂಪ್ರೆಸರಿಗೆ ಇನ್ನೊಂದು ಸಲ. ಈಗಿನದರಲ್ಲಿ ಕೋಣೆಯ ತೇವಾಂಶ ನೋಡಿಕೊಂಡು ಹೀಟರನ್ನು ಬಿಟ್ಟು ಬಿಟ್ಟು ಆನ್ ಮಾಡುವ ಕಂಟ್ರೋಲರ್ ಇದೆ. ಗಾಳಿ ಒಣಗಿದ ದಿನ ಅದರ ದೀಪ ಗಂಟೆಗಟ್ಟಲೆ ಆರಿಯೇ ಇರುತ್ತದೆ, ಗಾಜೂ ಒಣಗಿಯೇ ಇರುತ್ತದೆ.

ಒಳಗಿನ ಮಬ್ಬು ಬೇರೆ ಲೆಕ್ಕ, ಇದನ್ನು ಜನ ಕಲಸಿಬಿಡುತ್ತಾರೆ. ಫ್ರೀಜರ್ ಬಾಗಿಲು ತೆರೆದಾಗ ಒಳಗಿನ ತಣ್ಣನೆ ಗಾಜಿಗೆ ಕೋಣೆಯ ಗಾಳಿ ತಾಗಿ ಇಡೀ ಬಾಗಿಲು ಬೆಳ್ಳಗಾಗುತ್ತದೆ. ಇದು ದೋಷವಲ್ಲ, ಆಗಲೇಬೇಕು. ಪ್ರಶ್ನೆ ಇರುವುದು ಮುಚ್ಚಿದ ಮೇಲೆ ಎಷ್ಟು ಹೊತ್ತಿಗೆ ತಿಳಿಯಾಗುತ್ತದೆ ಅನ್ನುವುದು. ನಾನು ಗಡಿಯಾರ ಹಿಡಿದು ನೋಡಿದ್ದೇನೆ. ಅರ್ಧ ನಿಮಿಷ ತೆರೆದಿಟ್ಟರೆ ನಮ್ಮ ಹಳೆಯದು ತಿಳಿಯಾಗಲು ನಾಲ್ಕು ನಿಮಿಷ ತೆಗೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಮುಂದಿನ ಗಿರಾಕಿ ಏನಿದೆ ಅಂತ ನೋಡಲು ಮತ್ತೆ ತೆರೆಯುತ್ತಾನೆ, ಅಲ್ವಾ? ಹಾಗಾದರೆ ಗಾಜಿನ ಬಾಗಿಲು ಯಾಕೆ ಬೇಕಿತ್ತು, ತಗಡಿನದೇ ಸಾಕಿತ್ತು. ಹೊಸದರ ಒಳಮೈಗೆ ಮಬ್ಬು ತಡೆಯುವ ಫಿಲ್ಮ್ ಇದೆ. ನೀರು ಹನಿಹನಿಯಾಗಿ ನಿಲ್ಲದೆ ತೆಳುವಾಗಿ ಹರಡಿಕೊಳ್ಳುತ್ತದೆ, ಆಚೆಯದು ಕಾಣುತ್ತಲೇ ಇರುತ್ತದೆ. ಆದರೆ ಅದನ್ನು ಜೋಪಾನ ಮಾಡಬೇಕು. ಒಂದು ಬಾಗಿಲನ್ನು ಹುಡುಗ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರಿನಲ್ಲಿ ಉಜ್ಜಿಬಿಟ್ಟ. ಆ ಗೀರು ಇವತ್ತಿಗೂ ಇದೆ. ಮೆತ್ತನೆ ಬಟ್ಟೆ, ಸೋಪಿನ ನೀರು, ಅಷ್ಟೇ ಸಾಕು.

ತೂಕದ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಒಂದು ಚದರ ಮೀಟರ್ ಗಾಜು ಒಂದು ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ. ನಮ್ಮ ಬಾಗಿಲು ಮುಕ್ಕಾಲು ಮೀಟರ್ ಅಗಲ, ಒಂದೂಮುಕ್ಕಾಲು ಮೀಟರ್ ಎತ್ತರ. ನಾಲ್ಕು ಮಿಲಿಮೀಟರಿನ ಮೂರು ಗಾಜು ಅಂದರೆ ಬರೀ ಗಾಜೇ 39 ಕಿಲೋ. ಅಷ್ಟು ಭಾರ ಎರಡು ಹಿಂಜಿನ ಮೇಲೆ, ದಿನಕ್ಕೆ ನೂರಾರು ಸಲ. ನಾಲ್ಕನೇ ವರ್ಷಕ್ಕೆ ಎರಡು ಬಾಗಿಲು ಹಿಡಿಯ ಕಡೆಗೆ ಜೋತುಬಿದ್ದವು. ಜೋತುಬಿದ್ದ ಬಾಗಿಲಿನ ರಬ್ಬರ್ ಮೇಲಿನ ಮೂಲೆಯಲ್ಲಿ ಕೂರುವುದಿಲ್ಲ, ಆ ಸಂದಿಯಲ್ಲಿ ಗಾಳಿ ನುಗ್ಗಿ ಐಸ್ ಕಟ್ಟುತ್ತದೆ, ಕಟ್ಟಿದ ಐಸು ಬಾಗಿಲನ್ನು ಇನ್ನಷ್ಟು ಹೊರಗೆ ತಳ್ಳುತ್ತದೆ. ಎರಡನೇ ಸಲ ಮೂರು ಮಿಲಿಮೀಟರಿನ ಗಾಜು ಹಾಕಿಸಿದೆ, ಹತ್ತು ಕಿಲೋ ಹತ್ತಿರ ಇಳಿಯಿತು. ಟಫನ್ಡ್ ಗಾಜು, ಅಂದರೆ ಕಾಯಿಸಿ ಥಟ್ಟನೆ ತಣಿಸಿ ಗಟ್ಟಿ ಮಾಡಿದ್ದು, ಆದ್ದರಿಂದ ಗಟ್ಟಿತನದ ಚಿಂತೆ ಇಲ್ಲ, ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ. ಆದರೆ ಅದನ್ನು ಟಫನ್ ಮಾಡಿದ ಮೇಲೆ ಕತ್ತರಿಸಲೂ ಆಗುವುದಿಲ್ಲ, ತೂತು ಕೊರೆಯಲೂ ಆಗುವುದಿಲ್ಲ. ಅಳತೆ ಎರಡು ಸಲ ನೋಡಿ ಕೊಡಿ.

ಅಂದಹಾಗೆ ಈ ಗಾಜಿನ ದೌರ್ಬಲ್ಯವೂ ಅಂಚೇ. ನಡುವೆ ಬಾಟಲಿ ಬಡಿದರೂ ಏನೂ ಆಗದ ಗಾಜು, ಟ್ರಾಲಿಯ ಕಬ್ಬಿಣದ ಮೂಲೆ ಬದಿಗೆ ಮೆಲ್ಲಗೆ ತಾಗಿದ್ದಕ್ಕೆ ಒಮ್ಮೆಲೇ ಕಲ್ಲುಸಕ್ಕರೆಯ ಹಾಗೆ ಪುಡಿಯಾಗಿ ಉದುರಿತು. ಚೂಪು ಚೂರುಗಳಿಲ್ಲದ ಕಾರಣ ಯಾರಿಗೂ ಗಾಯವಾಗಲಿಲ್ಲ. ಗುಡಿಸುವುದಕ್ಕೆ ಮಾತ್ರ ಅರ್ಧ ದಿನ ಹೋಯಿತು.

ರಬ್ಬರ್ ಅಂದೆನಲ್ಲ, ಗ್ಯಾಸ್ಕೆಟ್. ಹಳೆಯದರಲ್ಲಿ ಅಂಟಿಸಿದ್ದರು, ಕಿತ್ತರೆ ಹರಿದೇ ಬರುತ್ತಿತ್ತು. ಈಗಿನದು ತೋಡಿಗೆ ಒತ್ತಿ ಕೂರಿಸುವಂಥದ್ದು, ಒಳಗೆ ಮ್ಯಾಗ್ನೆಟ್ ಪಟ್ಟಿ, ನಾನೇ ಹತ್ತು ನಿಮಿಷದಲ್ಲಿ ಬದಲಾಯಿಸುತ್ತೇನೆ. ತಿಂಗಳಿಗೊಮ್ಮೆ ಕಾಗದದ ಪಟ್ಟಿಯನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆದು ನೋಡುತ್ತೇನೆ. ಬಿಗಿಯಾಗಿ ಬಂದರೆ ಸರಿ, ಜಾರಿ ಬಂದರೆ ಆ ಜಾಗ ಸೋರುತ್ತಿದೆ. ಮಡಚಿಕೊಂಡ ರಬ್ಬರನ್ನು ಹೇರ್ ಡ್ರೈಯರ್‌ನಲ್ಲಿ ಬೆಚ್ಚಗೆ ಮಾಡಿದರೆ ಎಷ್ಟೋ ಸಲ ಸರಿಯಾಗಿಬಿಡುತ್ತದೆ. ಮುಚ್ಚಿದ ಕೂಡಲೇ ಮತ್ತೆ ತೆರೆಯಲು ಹೋದರೆ ಬಾಗಿಲು ಯಾರೋ ಒಳಗಿಂದ ಹಿಡಿದುಕೊಂಡ ಹಾಗೆ ಬಿಗಿಯಾಗಿದ್ದರೆ ಗಾಬರಿ ಬೇಡ. ಒಳಗೆ ಹೋದ ಬೆಚ್ಚನೆ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಬಾಗಿಲನ್ನು ಎಳೆದುಕೊಳ್ಳುತ್ತದೆ. ಅರ್ಧ ನಿಮಿಷ ಬಿಟ್ಟರೆ ಸಡಿಲವಾಗುತ್ತದೆ. ರಬ್ಬರ್ ಚೆನ್ನಾಗಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಗೊತ್ತಿಲ್ಲದವರು ಹಿಡಿ ಕಿತ್ತುಬರುವ ಹಾಗೆ ಎಳೆಯುತ್ತಾರೆ. ನಮ್ಮಲ್ಲಿ ಒಂದು ಹಿಡಿ ಹಾಗೇ ಹೋಯಿತು.

ದೀಪದ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಎಲ್‌ಇಡಿ ಹಾಕಿಸಿ, ಚಳಿಯಲ್ಲಿ ಟ್ಯೂಬ್‌ಲೈಟ್ ಮಂಕಾಗುತ್ತದೆ. ಕೂಲರ್ ಬಾಗಿಲುಗಳ ಮೇಲೂ ನನಗೆ ದೂರಿಲ್ಲ. ಎರಡೇ ಪದರ, ಕೋಟಿಂಗ್, ಆರ್ಗಾನ್. ಒಳಗೆ ನಾಲ್ಕೈದು ಡಿಗ್ರಿ ಇದ್ದಾಗ ಮೂರು ಪದರ ಹಾಕಿ ತೂಕ ಹೆಚ್ಚಿಸಿಕೊಳ್ಳುವುದು ನನ್ನ ಪ್ರಕಾರ ದಂಡ. ಕೆಲವರು ನಿರ್ವಾತ ಗಾಜು ಹಾಕಿಸಿ ಅನ್ನುತ್ತಾರೆ. ಎರಡು ಗಾಜಿನ ನಡುವೆ ಒಂದು ಮಿಲಿಮೀಟರಿಗೂ ಕಡಿಮೆ ಸಂದಿ, ಅದರಲ್ಲಿ ಗಾಳಿಯೇ ಇಲ್ಲ, ಗಾಜುಗಳು ಅಂಟಿಕೊಳ್ಳದಂತೆ ಸಾಸಿವೆಗಿಂತ ಸಣ್ಣ ಚುಕ್ಕಿಗಳು. ಜಪಾನಿನಲ್ಲಿ 1997ರಲ್ಲೇ ಕಿಟಕಿಗೆ ಬಂದದ್ದು. ತೆಳು, ಹಗುರ, ನೋಡಲು ಚೆಂದ. ನಾನು ಬಳಸಿಲ್ಲ, ಅದಕ್ಕೆ ಅಂಕ ಕೊಡುವುದಿಲ್ಲ. ಅದರಲ್ಲೂ ಮೊದಲು ಅಂಚನ್ನು ಹೇಗೆ ಮುಚ್ಚಿದ್ದಾರೆ ಅಂತಲೇ ಕೇಳುತ್ತೇನೆ.

ಅಂಕ ಕೊಡಲೇಬೇಕು ಅಂದರೆ ಕೂಲರಿಗೆ ಐದಕ್ಕೆ ನಾಲ್ಕೂವರೆ, ಫ್ರೀಜರಿನ ಮೊದಲ ಸೆಟ್ಟಿಗೆ ಎರಡು, ಎರಡನೆಯದಕ್ಕೆ ನಾಲ್ಕು. ಆ ಒಂದು ಅಂಕ ಕಳೆದದ್ದು ಕೊನೆಯ ಬಾಗಿಲಿಗೆ. ಅದು ತಾನಾಗಿ ಮುಚ್ಚಿಕೊಳ್ಳುವಾಗ ಕೊನೆಯ ಒಂದು ಇಂಚಿಗೆ ಬಂದು ನಿಂತುಬಿಡುತ್ತದೆ. ಹಿಂಜಿನ ಸ್ಪ್ರಿಂಗನ್ನು ಎರಡು ಸಲ ಬಿಗಿ ಮಾಡಿಸಿದೆ. ಜಾಸ್ತಿ ಬಿಗಿದರೆ ಧಡಾರ್ ಅಂತ ಬಡಿಯುತ್ತದೆ, ಸ್ವಲ್ಪ ಸಡಿಲ ಬಿಟ್ಟರೆ ಮತ್ತೆ ಅದೇ ಒಂದು ಇಂಚು. ಸದ್ಯಕ್ಕೆ ಆ ದಾರಿಯಲ್ಲಿ ಹೋಗುವವರೆಲ್ಲ ಮೊಣಕೈಯಲ್ಲಿ ಒಮ್ಮೆ ಒತ್ತಿಕೊಂಡು ಹೋಗುತ್ತೇವೆ.