ಹಳೇ ಟ್ರೋಪ್, ತಿರುಗಿಸಿದ ಟ್ರೋಪ್, ನಮ್ಮೂರ ಟ್ರೋಪ್: ಆಟದಲ್ಲಿ ಯಾವುದಕ್ಕೆ ದಮ್ಮಿದೆ?

ರೋಲ್‌ಪ್ಲೇಯಿಂಗ್ ಗೇಮ್‌ಗೆ (ಒಬ್ಬ ಕಥೆ ನಡೆಸ್ತಾನೆ, ಉಳಿದವರು ಅದರೊಳಗಿನ ಪಾತ್ರಗಳಾಗಿ ಮಾತಾಡ್ತಾ, ಡೈಸ್ ಉರುಳಿಸ್ತಾ ಆಡ್ತಾರೆ) ಕಥೆ ಮಾಡುವವರನ್ನು ಕೇಳಿ ನೋಡಿ, ‘ಟ್ರೋಪ್ ಅಂದ್ರೆ ಸವಕಲು, ಬಿಟ್ಹಾಕು’ ಅಂತಾರೆ. ಟ್ರೋಪ್ ಅಂದರೆ ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಅಚ್ಚು; ಅದು ಸವಕಲು ಅನ್ನೋದನ್ನ ನಾನು ಒಪ್ಪಲ್ಲ. ಮೈಸೂರಿನ ಕುವೆಂಪುನಗರದಲ್ಲಿ, ಗೆಳೆಯನ ಮನೆಯ ಊಟದ ಟೇಬಲ್ ಮೇಲೆ, ಒಂದೇ ಗುಂಪಿಗೆ ಬೇರೆ ಬೇರೆ ತರಹದ ಕಥೆ ನಡೆಸಿ ನೋಡಿದ್ದೇನೆ. ಆಡುವವರು ಅವರೇ, 20 ಮುಖದ ಡೈಸ್ ಅದೇ. ಬದಲಾಗಿದ್ದು ಕಥೆಯ ಅಚ್ಚು ಮಾತ್ರ.

ಮೊದಲು ಎಲ್ಲರೂ ಬೈಯುವ ಅಚ್ಚು. ಹೆಂಡದಂಗಡಿಯಲ್ಲಿ ಅಪರಿಚಿತರು ಸೇರುತ್ತಾರೆ, ಮೂಲೆಯಲ್ಲಿ ಮುಸುಕು ಹಾಕಿದ ಮುದುಕ, ಅವನ ಕೈಯಲ್ಲಿ ನಕ್ಷೆ, ಊರಾಚೆ ಗುಹೆ, ಒಳಗೆ ನಿಧಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ಮಾಡಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಇಂಥದ್ದೇ ಆಟ ಬಂದದ್ದು 1974ರಲ್ಲಿ. ಇಷ್ಟು ವರ್ಷ ಆದರೂ ಈ ಥರದ ಆರಂಭ ಇನ್ನೂ ಓಡುತ್ತಿದೆ. ಯಾಕೆ ಅಂತ ಆಡಿಸಿದವರಿಗೆ ಗೊತ್ತು. ನಾನು ‘ಮೂಲೇಲಿ ಒಬ್ಬ ಮುದುಕ ಕೂತಿದ್ದಾನೆ’ ಅನ್ನುವಷ್ಟರಲ್ಲೇ ಒಬ್ಬಳು ‘ತಾತ, ನಕ್ಷೆ ಎಷ್ಟಕ್ಕೆ ಕೊಡ್ತೀರಾ?’ ಅಂದುಬಿಟ್ಟಳು. ನಕ್ಷೆ ಇದೆ ಅಂತ ನಾನಿನ್ನೂ ಹೇಳೇ ಇರಲಿಲ್ಲ! ಹೊಸಬರಿಗೆ ನಿಯಮ ಕಲಿಯೋದೇ ಒಂದು ತಲೆನೋವು, ಅದರ ಮೇಲೆ ಕಥೆಯ ಒಗಟೂ ಸೇರಿದರೆ ಎದ್ದು ಹೋಗ್ತಾರೆ. ಆದರೆ ಗುಹೆ ಮುಗಿದ ಮೇಲೆ ಆ ಮುದುಕನ ಹೆಸರು ಯಾರಿಗೂ ನೆನಪಿರಲಿಲ್ಲ. ಒಂದು ಸಂಜೆಯ ಆಟಕ್ಕೆ ಸಾಕು, ಅದಕ್ಕಿಂತ ಜಾಸ್ತಿ ಎಳೆಯಬೇಡಿ.

ಇನ್ನೊಂದು, ಅದೇ ಟ್ರೋಪನ್ನು ತಿರುಗಿಸೋದು. ಕೆಲಸ ಕೊಟ್ಟ ಮುದುಕನೇ ಖಳ. ಗುಟ್ಟು ಬಯಲಾದಾಗ ಎಂಥ ಗಲಾಟೆ ಅಂದರೆ ಪಕ್ಕದ ಮನೆಯವರು ಕಿಟಕಿಯಿಂದ ಇಣುಕಿದರು. ಆ ಖುಷಿಗೆ ಬೆಲೆ ತೆತ್ತಿದ್ದು ಮುಂದಿನ ವಾರ. ಕಥೆಯಲ್ಲಿ ಹಾಲು ಮಾರುವ ಹುಡುಗ ‘ಅಣ್ಣಾ, ಆ ಕಡೆ ಹೋಗ್ಬೇಡಿ’ ಅಂದ. ಸುಳ್ಳು ಹೇಳ್ತಿದ್ದಾನಾ ಅಂತ ಡೈಸ್ ಉರುಳಿಸಿದರು, 17 ಬಿತ್ತು (ಒಳ್ಳೇ ಅಂಕವೇ), ಇಲ್ಲಪ್ಪ ನಿಜಾನೇ ಹೇಳ್ತಿದ್ದಾನೆ ಅಂತ ನಾನು ಹೇಳಿದರೂ ಕೇಳದೆ ಪಾಪ ಆ ಹುಡುಗನನ್ನು ಮರಕ್ಕೆ ಕಟ್ಟಿಹಾಕಿದರು. ಒಮ್ಮೆ ಮೋಸ ಮಾಡಿದರೆ ಆಮೇಲೆ ಊರಿಗೆ ಊರೇ ಕಳ್ಳರ ಹಾಗೆ ಕಾಣುತ್ತೆ, ಕಥೆ ಮುಂದಕ್ಕೇ ಹೋಗಲ್ಲ.

ಟ್ರೋಪೇ ಇಲ್ಲದ ಕಥೆಯನ್ನೂ ಆಡಿಸಿದೆ. ಮೂರು ಚಂದ್ರ, ದುಡ್ಡಿನ ಬದಲು ನೆನಪು ಕೊಟ್ಟು ಸಾಮಾನು ಕೊಳ್ಳುವ ಊರು, ರಾಜನೂ ಇಲ್ಲ ಖಳನೂ ಇಲ್ಲ. ಕೇಳೋಕೆ ಚೆಂದ. ಅರ್ಧ ಸಂಜೆ ನಾನೊಬ್ಬನೇ ಮಾತಾಡಿದೆ, ಕೊನೆಗೆ ಬಂದ ಪ್ರಶ್ನೆ ಒಂದೇ: ‘ಸರಿ, ಈಗ ನಾವೇನ್ ಮಾಡ್ಬೇಕು?’

ನನ್ನ ಓಟು ನಮ್ಮ ಕಡೆಯ ಟ್ರೋಪ್‌ಗೆ. ಶಾಪ ಅಂದರೆ ಹಳೇ ಸರಕೇ, ಅದರಲ್ಲಿ ಹೊಸದೇನಿಲ್ಲ. ಆದರೆ ‘ತಲಕಾಡು ಮರಳಾಗಲಿ’ ಅಂತ ನಾನು ಶುರು ಮಾಡಿದ ಕೂಡಲೇ ಮಂಡ್ಯದ ಗೆಳೆಯ ‘ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ’ ಅಂತ ಮುಗಿಸಿದ. ಕಥೆ ಎಲ್ಲರಿಗೂ ಗೊತ್ತು. ರಾಜ ಒಡೆಯರ್ 1610ರಲ್ಲಿ ಶ್ರೀರಂಗಪಟ್ಟಣ ಹಿಡಿದರು, ಅಲ್ಲಿನ ಹಿಂದಿನ ಅಧಿಪತಿಯ ಹೆಂಡತಿ ಅಲಮೇಲಮ್ಮನ ಒಡವೆ ಕೇಳಿ ಕಳಿಸಿದರು, ಆಕೆ ಶಾಪ ಹಾಕಿ ಕಾವೇರಿಗೆ ಹಾರಿದಳು ಅಂತ ಐತಿಹ್ಯ. ತಲಕಾಡಲ್ಲಿ ಮರಳಿನಡಿ ಹೂತ ದೇವಸ್ಥಾನಗಳು ನಿಜವಾಗಿಯೂ ಇವೆ, ಬೇರೆ ಡಂಜನ್ (ಆಟಗಾರರು ನುಗ್ಗುವ ನೆಲಮಾಳಿಗೆ) ಯಾಕೆ ಬೇಕು ಹೇಳಿ?

ನಾನು ಹೆಸರು ಬದಲಿಸಿ, ಊರನ್ನು ಸ್ವಲ್ಪ ಮರೆಮಾಡಿ, ಶಾಪದ ಅಚ್ಚನ್ನು ಹಾಗೇ ಇಟ್ಟೆ. ಏನನ್ನೂ ತಿರುಗಿಸಲಿಲ್ಲ. ಶಾಪ ಒಡೆಯೋಕೆ ಮಂತ್ರವೋ ಕತ್ತಿಯೋ ಹುಡುಕುತ್ತಾರೆ ಅಂದುಕೊಂಡಿದ್ದೆ. ಅವರು ಮಾಡಿದ್ದೇ ಬೇರೆ. ‘ಆಯಮ್ಮನ ಒಡವೆ ಈಗ ಯಾರ ಹತ್ರ ಇದೆ? ವಾಪಸ್ ಕೊಟ್ಬಿಡೋಣ’ ಅಂತ ಒಬ್ಬ ಅಂದ. ‘ಅಷ್ಟು ಜನ ಸತ್ತ ಮೇಲೆ ಬರೀ ಮೂಗುತಿ ಕೊಟ್ಟರೆ ಆಯ್ತಾ?’ ಅಂತ ಇನ್ನೊಬ್ಬಳು. ನ್ಯಾಯದ ಬಗ್ಗೆ ಕಾಫಿ ಆರುವ ತನಕ ಜಗಳ, ಡೈಸ್ ಯಾರೂ ಮುಟ್ಟಲೇ ಇಲ್ಲ. ಖಳ ಯಾರು ಅಂತ ನಾನು ತೀರ್ಮಾನ ಮಾಡಿರಲಿಲ್ಲ, ಅವರೇ ಮಾಡಿದರು. ದಾರಿ ಎಲ್ಲರಿಗೂ ಗೊತ್ತಿದ್ದರಿಂದ ತಲೆ ಓಡಿದ್ದೆಲ್ಲ ಯಾಕೆ ಹೋಗಬೇಕು ಅನ್ನೋದರ ಕಡೆಗೆ.

ಇದರಲ್ಲೂ ತೊಡಕಿದೆ. ಬೇರೆ ಊರಿಂದ ಬಂದ ಆಟಗಾರ ಒಬ್ಬ ಇದ್ದರೂ ಮಿಕ್ಕವರ ನಗು, ಕಣ್ಸನ್ನೆ ಅವನಿಗೆ ಅರ್ಥವಾಗಲ್ಲ. ಅಂಥವರಿದ್ದರೆ ಮೂರು ಸಾಲಿನ ಶಾಪವನ್ನು ಒಂದು ಚೀಟಿಯಲ್ಲಿ ಬರೆದು ಮೊದಲೇ ಕೈಗೆ ಕೊಡಿ.

ಅಂದ ಹಾಗೆ, ‘ವಿಧಿ ಆರಿಸಿದ ವೀರ’ ಅನ್ನೋ ಟ್ರೋಪ್ ನಮ್ಮ ಟೇಬಲ್ಲಿಗೆ ತರಲೇ ಇಲ್ಲ, ತರೋದೂ ಇಲ್ಲ. ನಾಲ್ಕು ಜನ ಆಡುವಾಗ ವಿಧಿ ಒಬ್ಬನನ್ನೇ ಆರಿಸಿದರೆ ಉಳಿದ ಮೂವರು ಸುಮ್ನೆ ಚುರುಮುರಿ ತಿಂತಾ ಕೂರಬೇಕಾ?