ಗಂಜ್‌ನ ಅಡತ್ ಅಂಗಡಿಯಲ್ಲಿ ಕೂತು ಓದಿದ ಸೆಫಾರಿಯಾ ಆ್ಯಪ್

ಎರಡು ವರ್ಷದಿಂದ ನನ್ನ ಫೋನಿನಲ್ಲಿ ಸೆಫಾರಿಯಾ ಅನ್ನುವ ಆ್ಯಪ್ ಇದೆ. ಯಹೂದಿಗಳ ಧರ್ಮಗ್ರಂಥ ತೋರಾ, ಅದರ ನಿಯಮಗಳ ಬಗ್ಗೆ ಹಳೆಯ ಗುರುಗಳು ನಡೆಸಿದ ಚರ್ಚೆಗಳ ಸಂಗ್ರಹ ತಾಲ್ಮುದ್, ಅವುಗಳ ಮೇಲೆ ನೂರಾರು ವರ್ಷ ಬರೆದುಕೊಂಡು ಬಂದ ವ್ಯಾಖ್ಯಾನಗಳು, ಎಲ್ಲಾ ಒಂದೇ ಕಡೆ ಸಿಗುತ್ತವೆ. ಪೂರ್ತಿ ಉಚಿತ, ಜಾಹೀರಾತಿನ ಕಾಟ ಇಲ್ಲ. ನಾನು ಯಹೂದಿಯೂ ಅಲ್ಲ, ಕ್ರೈಸ್ತನೂ ಅಲ್ಲ. ಕಲಬುರಗಿಯ ನೆಹರೂ ಗಂಜ್‌ನಲ್ಲಿ ತೊಗರಿ, ಹೆಸರು, ಉದ್ದಿನ ಅಡತ್ ಅಂಗಡಿ ನಮ್ಮದು. ಬೀದರ್‌ನ ಗೆಳೆಯನೊಬ್ಬ, ಮೆಥೋಡಿಸ್ಟ್ ಚರ್ಚಿಗೆ ಹೋಗುವವನು, "ನೀ ವ್ಯಾಪಾರ ಮಾಡೋನು, ಇದನ್ನ ಒಮ್ಮೆ ಓದಿ ನೋಡು" ಅಂತ ಹಾಕಿಸಿಕೊಟ್ಟ.

ಓದುವ ಕ್ರಮ ಸುಲಭ. ತೋರಾದ ಐದು ಪುಸ್ತಕಗಳನ್ನು, ಅಂದರೆ ಕನ್ನಡ ಸತ್ಯವೇದದ ಆದಿಕಾಂಡದಿಂದ ಧರ್ಮೋಪದೇಶಕಾಂಡದವರೆಗೆ, 54 ಭಾಗ ಮಾಡಿದ್ದಾರೆ. ಒಂದೊಂದು ಭಾಗಕ್ಕೆ ಪಾರಾಶಾ ಅನ್ನುತ್ತಾರೆ. ವಾರ ವಾರ ಓದುತ್ತಾ ವರ್ಷಕ್ಕೆ ಮುಗಿಸಿ, ಮುಗಿಸಿದ ಹಬ್ಬದ ದಿನವೇ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಈ ವಾರ ಯಾವುದು ಅಂತ ಆ್ಯಪ್‌ನ ಕ್ಯಾಲೆಂಡರ್ ತೋರಿಸುತ್ತದೆ. ಒಂದು ವಾಕ್ಯ ಒತ್ತಿದರೆ ಅದರ ಬಗ್ಗೆ ಹಿಂದಿನವರು ಏನೇನು ಹೇಳಿದ್ದಾರೆ, ಎಲ್ಲೆಲ್ಲಿ ಜಗಳವಾಡಿದ್ದಾರೆ ಅನ್ನುವುದೂ ಪಕ್ಕದಲ್ಲೇ ತೆರೆದುಕೊಳ್ಳುತ್ತದೆ. ಈ ಆ್ಯಪ್ ನನಗೆ ಹಿಡಿಸಿದ್ದೇ ಅದಕ್ಕೆ. ಯಾರೋ ಒಬ್ಬರು ಮೈಕ್ ಹಿಡಿದು "ಇದರಿಂದ ನಾವು ಕಲಿಯಬೇಕಾದ್ದು ಏನೆಂದರೆ" ಅಂತ ಹೇಳುವುದಿಲ್ಲ, ಯೋಚನೆ ನಮಗೇ ಬಿಟ್ಟಿದ್ದು.

ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ ಬರುವ ಪಾರಾಶಾ ಕೀ ತೇತ್ಸೆ. ಧರ್ಮೋಪದೇಶಕಾಂಡದ 21ರಿಂದ 25ನೇ ಅಧ್ಯಾಯ. ಸಾಂಪ್ರದಾಯಿಕ ಲೆಕ್ಕದಂತೆ ತೋರಾದಲ್ಲಿರುವ 613 ಆಜ್ಞೆಗಳಲ್ಲಿ 74 ಇದೊಂದರಲ್ಲೇ ಇವೆಯಂತೆ. ಆ ಹೊತ್ತಿಗೆ ಗಂಜ್‌ಗೆ ಹೊಸ ಹೆಸರುಕಾಳು ಬರುತ್ತಿರುತ್ತದೆ, ಹಮಾಲರಿಗೆ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ. ಮೊದಲ ಸಲ ಓದಿದ ದಿನ ಸಂಜೆ ನಮ್ಮಲ್ಲಿ ಚೀಲ ಹೊರುವ ಹಿರಿಯರೊಬ್ಬರು ಬಂದು "ಸಾವ್ಕಾರ್ರೀ, ಇವತ್ತಿಂದು ಕೊಡ್ರಿ" ಅಂದಿದ್ದರು. ನಾನು ರೂಢಿಯಂತೆ ಸೋಮವಾರ ಒಟ್ಟಿಗೆ ಕೊಡುತ್ತೇನೆ ಅಂದೆ. ಗಲ್ಲಾದಲ್ಲಿ ದುಡ್ಡು ಇತ್ತು, ಸುಮ್ನೆ ಲೆಕ್ಕ ಒಂದೇ ಸಲ ಆಗಲಿ ಅಂತ. ರಾತ್ರಿ ಓದಿದರೆ ಅಲ್ಲಿ ಅದೇ ಇದೆ: ಕೂಲಿಯವನ ಕೂಲಿಯನ್ನು ಅವತ್ತೇ, ಹೊತ್ತು ಮುಳುಗುವ ಮುಂಚೆ ಕೊಡು, ಅವನು ಬಡವ, ಅದರ ಮೇಲೇ ಜೀವ ಇಟ್ಟುಕೊಂಡಿದ್ದಾನೆ. ಆ ವಾಕ್ಯ ಒತ್ತಿದೆ. ತಾಲ್ಮುದ್ ಕೇಳುತ್ತದೆ: ಇವನು ಏಣಿ ಹತ್ತಿ, ಮರಕ್ಕೆ ಜೋತುಬಿದ್ದು, ಸಾವಿಗೂ ಹೆದರದೆ ನಿಂತಿದ್ದು ಯಾಕೆ, ಕೂಲಿಗಾಗಿ ಅಲ್ಲವೇ? ಲಾರಿಗೆ ಹಲಗೆ ಹಾಕಿ, ಬೆನ್ನ ಮೇಲೆ ಚೀಲ ಹೊತ್ತು ಹತ್ತುವ ಆ ಮುದುಕರ ಕಾಲು ನಡುಗುವುದನ್ನು ದಿನಾ ನೋಡುತ್ತೇನೆ. ಅವತ್ತಿನಿಂದ ಸಂಜೆ ದೀಪ ಹಚ್ಚುವ ಮೊದಲು ಹಮಾಲಿ ಚುಕ್ತಾ ಮಾಡುತ್ತಿದ್ದೇನೆ.

ಅದೇ ಭಾಗದ ಕೊನೆಯಲ್ಲಿ ತೂಕದ ಮಾತು ಬರುತ್ತದೆ. ಚೀಲದಲ್ಲಿ ಎರಡು ಥರದ ಬಟ್ಟು, ಮನೆಯಲ್ಲಿ ಒಂದು ದೊಡ್ಡದು ಒಂದು ಸಣ್ಣದು ಅಳತೆ, ಇಟ್ಟುಕೊಳ್ಳಬಾರದು. ಹೀಬ್ರೂ ಮೂಲದಲ್ಲಿ ಬಟ್ಟಿಗೆ ಇರುವ ಪದ 'ಕಲ್ಲು'. ನಾವೂ ತೂಕದ ಕಲ್ಲು ಅಂತೇವಲ್ಲ! ಕೊಳ್ಳುವಾಗ ದೊಡ್ಡ ಸೇರು, ಕೊಡುವಾಗ ಸಣ್ಣ ಸೇರು ಅನ್ನುವ ಕಥೆ ನಮ್ಮ ಅಜ್ಜನ ಕಾಲದ ಪೇಟೆಯಲ್ಲೂ ಕೇಳಿದ್ದೇ. ಈಗ ಎಲೆಕ್ಟ್ರಾನಿಕ್ ಕಾಟಾ ಬಂದಿದೆ, ಆದರೂ ತೇವ, ಕಸ ಅಂತ ಹೇಳಿ ರೈತನ ಚೀಲದಿಂದ ಎಷ್ಟು ಮುರಿದುಕೊಳ್ಳುತ್ತೇವೆ ಅನ್ನುವುದು ನಮಗೇ ಗೊತ್ತು. ಇದೇ ಪಾರಾಶಾದಲ್ಲಿ, ಹೊಲದಲ್ಲಿ ಮರೆತ ಸಿವುಡನ್ನು ತರಲು ವಾಪಸ್ ಹೋಗಬೇಡ, ಅದು ಪರದೇಶಿಗೆ, ತಾಯಿತಂದೆ ಇಲ್ಲದ ಮಕ್ಕಳಿಗೆ, ವಿಧವೆಗೆ ಅಂತಲೂ ಇದೆ. ನಮ್ಮ ಅಜ್ಜಿ ಹಕ್ಕಲು ಆಯಲು ಬಂದವರನ್ನು ಒಮ್ಮೆಯೂ ಓಡಿಸಿದವಳಲ್ಲ.

ಎಲ್ಲಾ ವಾರ ಹೀಗಿರುವುದಿಲ್ಲ. ಯಾಜಕಕಾಂಡದ ಚರ್ಮರೋಗ, ಬಲಿಯ ನಿಯಮಗಳ ವಾರಗಳು ಬಂದಾಗ ಜೀವನಕ್ಕೆ ಪಾಠ ಎಳೆದು ತರುವುದು ಬೇಡ ಅಂತ ನಾನು ಹಾಗೇ ಓದಿ ಬಿಡುತ್ತೇನೆ. ಕೀ ತೇತ್ಸೆಯಲ್ಲೇ ಮಾತು ಕೇಳದ ಮಗನನ್ನು ಕಲ್ಲೆಸೆದು ಕೊಲ್ಲುವ ನಿಯಮ ಇದೆ, ಓದಿ ಎದೆ ಝಲ್ಲೆಂದಿತ್ತು. ಒತ್ತಿ ನೋಡಿದರೆ, ಇಂಥದ್ದು ನಡೆದೇ ಇಲ್ಲ, ಮುಂದೆ ನಡೆಯುವುದೂ ಇಲ್ಲ ಅನ್ನುವ ಅಭಿಪ್ರಾಯ ತಾಲ್ಮುದ್‌ನಲ್ಲೇ ಇದೆ. ಪಕ್ಕದಲ್ಲಿ ಆ ಮಾತು ಇರದಿದ್ದರೆ ನಾನು ಅಲ್ಲಿಗೇ ಓದು ನಿಲ್ಲಿಸುತ್ತಿದ್ದೆ.

ಇನ್ನೊಂದು ಹೇಳಲೇಬೇಕು. ಹೊಸ ಮನೆ ಕಟ್ಟಿದರೆ ಮಾಳಿಗೆಗೆ ಅಡ್ಡಗೋಡೆ ಕಟ್ಟು, ಯಾರಾದರೂ ಬಿದ್ದರೆ ಆ ರಕ್ತ ನಿನ್ನ ಮನೆ ಮೇಲೆ ಅಂತ 22ನೇ ಅಧ್ಯಾಯ. ಆಮೇಲಿನ ಯಹೂದಿ ಗುರುಗಳ ಲೆಕ್ಕದಲ್ಲಿ ಗೋಡೆ ಹತ್ತು ಅಂಗೈ ಅಗಲದಷ್ಟು ಎತ್ತರ ಇರಬೇಕು, ಅಂದಾಜು ಎರಡೂವರೆಯಿಂದ ಮೂರು ಅಡಿ. ತಾಲ್ಮುದ್‌ನಲ್ಲಿ ರಬ್ಬಿ (ಯಹೂದಿ ಧರ್ಮಗುರು) ನಾಥಾನ್ ಇದೇ ವಾಕ್ಯದಿಂದ ಮನೆಯಲ್ಲಿ ಕಚ್ಚುವ ನಾಯಿ ಸಾಕಬಾರದು, ಮುರುಕು ಏಣಿ ಇಡಬಾರದು ಅಂತಾರೆ. ಬೀಳುವವನು ಬೀಳುವ ಹಣೆಬರಹದವನೇ ಇರಬಹುದು, ಆದರೆ ಅದು ನಿನ್ನ ಕೈಯಿಂದ ಆಗಬಾರದು ಅಂತಾರೆ 11ನೇ ಶತಮಾನದ ಫ್ರಾನ್ಸಿನ ವ್ಯಾಖ್ಯಾನಕಾರ ರಾಶಿ. ನಮ್ಮದು ಫರಸಿ ಹಾಸಿದ ಹಳೇ ಮಾಳಿಗೆ, ಸುತ್ತ ಒಂದೇ ಅಡಿ ಕಟ್ಟೆ. ಮೇ ತಿಂಗಳಲ್ಲಿ 43 ಡಿಗ್ರಿ ಬಿಸಿಲು ಬಿದ್ದರೆ ರಾತ್ರಿ ಮಕ್ಕಳು ಮರಿ ಎಲ್ಲಾ ಅಲ್ಲೇ ಮಲಗುವುದು. ಇಷ್ಟು ವರ್ಷ "ಏನಾಗಲ್ಲ ಬಿಡು" ಅಂತಲೇ ಕಳೆದಿದ್ದೆವು. ದೀಪಾವಳಿ ಮುಗಿದ ಮೇಲೆ ಗೌಂಡಿ ಕರೆಸಿ ಮೂರು ಅಡಿ ಏರಿಸಿದೆ.

ಹಾಕಿಕೊಳ್ಳುವವರಿಗೆ ಒಂದು ಮಾತು. ಆ್ಯಪ್ ನಡೆಯುವುದು ಹೀಬ್ರೂ, ಇಂಗ್ಲಿಷ್‌ನಲ್ಲಿ. ನಾನು ಮೊದಲು ಕನ್ನಡ ಸತ್ಯವೇದದಲ್ಲಿ ಅದೇ ಅಧ್ಯಾಯ ಓದಿಕೊಂಡು, ಆಮೇಲೆ ವ್ಯಾಖ್ಯಾನಕ್ಕೆ ಹೋಗುತ್ತೇನೆ, ಆಗ ಇಂಗ್ಲಿಷ್ ಅಷ್ಟು ಭಾರ ಅನಿಸುವುದಿಲ್ಲ. ಪುಸ್ತಕಗಳನ್ನು ಡೌನ್‌ಲೋಡ್ ಮಾಡಿಟ್ಟರೆ ನೆಟ್ ಇಲ್ಲದೆಯೂ ತೆರೆಯುತ್ತವೆ. ಆದಿಕಾಂಡದಿಂದಲೇ ಶುರು ಮಾಡಬೇಕು ಅಂತ ಕಾಯಬೇಡಿ, ಈ ವಾರದ್ದು ಯಾವುದೋ ಅಲ್ಲಿಂದಲೇ ಹಿಡಿಯಿರಿ.